ಹಳೆಯ ಫ್ಯಾನಿಗೊಂದು ಹೊಸ ಪಂಜರ

ಹಳೆಯ ಸಾಮಾನುಗಳಲ್ಲಿ ಯಾವ ಭಾಗ ಮೊದಲು ಮನೆ ಬಿಡುತ್ತದೆ ಎಂಬುದನ್ನು ಗುಜರಿ ಅಂಗಡಿಯವನನ್ನೇ ಕೇಳಬೇಕು. ಬೀಗ ಉಳಿದು ಕೀಲಿಕೈ ಹೋಗಿರುತ್ತದೆ. ಲಾಂದ್ರ ಉಳಿದು ಗಾಜಿನ ಬುರುಡೆ ಒಡೆದಿರುತ್ತದೆ. ಮೇಜಿನ ಮೇಲಿಡುವ ಹಳೆಯ ವಿದ್ಯುತ್ ಫ್ಯಾನಿನ ವಿಷಯದಲ್ಲಾದರೋ ಯಂತ್ರ ಉಳಿದು ಪಂಜರ ಹೋಗಿರುತ್ತದೆ. ಎರಕದ ಕಬ್ಬಿಣದ ಪೀಠವಿದೆ, ಹಿತ್ತಾಳೆಯ ರೆಕ್ಕೆಗಳಿವೆ, ವೇಗ ಬದಲಿಸುವ ಸನ್ನೆಯೂ ಇದೆ. ರೆಕ್ಕೆಗಳ ಸುತ್ತ ಇರಬೇಕಾದ ತಂತಿಯ ಪಂಜರವೊಂದೇ ಇಲ್ಲ.

ಇದಕ್ಕೆ ಕಾರಣ ಗೂಢವಾದುದೇನೂ ಅಲ್ಲ. ಪಂಜರ ಹಿತ್ತಾಳೆಯದಾಗಿದ್ದರೆ ಅದು ಮೂರು ನಾಲ್ಕು ತಿರುಪು ಬಿಚ್ಚಿದೊಡನೆ ಕೈಗೆ ಬರುವ, ತೂಕಕ್ಕೆ ಹಣ ತರುವ ಲೋಹ. ಕಬ್ಬಿಣದ್ದಾಗಿದ್ದರೆ ತುಕ್ಕು ಹಿಡಿದು ಒಂದೊಂದೇ ತಂತಿ ಕಳಚುತ್ತದೆ. ಮೇಲಾಗಿ, ಧೂಳು ಒರೆಸಲೆಂದು ಬಿಚ್ಚಿದ ಪಂಜರವನ್ನು ಮರಳಿ ಹಾಕುವ ವ್ಯವಧಾನ ಎಲ್ಲರಿಗೂ ಇರುವುದಿಲ್ಲ. ಪಂಜರವಿಲ್ಲದೆಯೂ ಫ್ಯಾನು ತಿರುಗುತ್ತದೆ. ಗಾಳಿಯೂ ತುಸು ಹೆಚ್ಚಾಗಿಯೇ ಬರುತ್ತದೆ!

ಇಂತಹ ಫ್ಯಾನುಗಳು ಅಟ್ಟದ ಮೇಲೆ ಮಲಗಿರುವಷ್ಟು ಕಾಲ ಯಾರಿಗೂ ತೊಂದರೆಯಿರಲಿಲ್ಲ. ಈಚೆಗೆ ಹಳೆಯ ವಸ್ತುಗಳನ್ನು ತಿಕ್ಕಿ ಬೆಳಗಿ ಮುಂಬಾಗಿಲ ಕೋಣೆಯಲ್ಲಿಡುವ ಅಭಿರುಚಿ ನಮ್ಮ ಊರುಗಳಿಗೂ ಬಂದಿದೆ. ಸಂತೋಷದ ವಿಷಯವೇ. ಆದರೆ ತಾಮ್ರದ ಹಂಡೆಯನ್ನೋ ಕಲ್ಲಿನ ಬೀಸುವ ಗುಂಡನ್ನೋ ತಂದಿರಿಸುವುದು ಬೇರೆ, ತಿರುಗುವ ಯಂತ್ರವನ್ನು ತಂದಿರಿಸುವುದು ಬೇರೆ. ಹದಿನಾರು ಅಂಗುಲದ ಫ್ಯಾನು ನಿಮಿಷಕ್ಕೆ 1000 ಸುತ್ತು ತಿರುಗುತ್ತದೆಂದು ಲೆಕ್ಕ ಹಿಡಿದರೂ ರೆಕ್ಕೆಯ ತುದಿ ಗಂಟೆಗೆ ಸುಮಾರು 76 ಕಿಲೋಮೀಟರ್ ವೇಗದಲ್ಲಿ ಸುಳಿಯುತ್ತಿರುತ್ತದೆ. ಮಂಡ್ಯದ ಹೆದ್ದಾರಿಯಲ್ಲಿ ಓಡುವ ಬಸ್ಸಿನ ವೇಗ ಅದು. ಇಂದಿನ ಪ್ಲಾಸ್ಟಿಕ್ಕಿನ ರೆಕ್ಕೆ ತಗುಲಿದರೆ ಬೆರಳು ಜುಮ್ಮೆಂದೀತು. ಹಳೆಯ ಹಿತ್ತಾಳೆಯ ರೆಕ್ಕೆ ತಗುಲಿದರೆ ಆ ಮಾತಿಲ್ಲ.

ವಿದ್ಯುತ್ ಫ್ಯಾನು ಹುಟ್ಟಿದಾಗ ಅದಕ್ಕೆ ಪಂಜರವಿರಲಿಲ್ಲ. 1882ರ ಸುಮಾರಿಗೆ ಅಮೆರಿಕದ ಶುಯ್ಲರ್ ಸ್ಕಾಟ್ಸ್ ವ್ಹೀಲರ್ ಎಂಬ ಎಂಜಿನಿಯರು ರೂಪಿಸಿದ ಮೇಜಿನ ಫ್ಯಾನು ಎರಡು ರೆಕ್ಕೆಗಳ ಬರಿಮೈ ಯಂತ್ರ. ಬಳಿಕ ಬಂದ ಪಂಜರಗಳು ನೋಡಲು ಬಹಳ ಸೊಗಸು: ನಡುವೆ ಕಂಪನಿಯ ಬಿಲ್ಲೆ, ಅದರಿಂದ ಹೊರಟು ಹೂವಿನ ಎಸಳಿನಂತೆ ಬಾಗಿದ ತಂತಿಗಳು. ಆದರೆ ತಂತಿತಂತಿಗಳ ನಡುವೆ ದೊಡ್ಡವರ ಮುಷ್ಟಿಯೇ ತೂರುವಷ್ಟು ಸಂದಿರುತ್ತಿತ್ತು. ಅದು ಬೆರಳನ್ನು ಕಾಯುವ ಪಂಜರವಲ್ಲ, ರೆಕ್ಕೆ ಮೇಜಿಗೆ ತಗುಲಿ ಡೊಂಕಾಗದಂತೆ ಕಾಯುವ ಪಂಜರ ಎಂದರೂ ತಪ್ಪಾಗದು. ಆದುದರಿಂದ ಹಳೆಯ ಪಂಜರವನ್ನೇ ಹುಡುಕಿ ತಂದು ಹಾಕಿದ ಮಾತ್ರಕ್ಕೆ ಮನೆಯಲ್ಲಿ ನಿಶ್ಚಿಂತೆಯಾಗಿರಬಹುದೆಂದು ಭಾವಿಸಬಾರದು. ಈ ಮಾತನ್ನು ಮುಂದೆ ಮತ್ತೆ ಹೇಳಬೇಕಾಗುತ್ತದೆ.

ಮಳವಳ್ಳಿಯಲ್ಲಿರುವ ನನ್ನ ದೊಡ್ಡಪ್ಪನವರ ಮನೆಯಲ್ಲಿ ಇಂತಹದೊಂದು ಫ್ಯಾನಿದೆ. ನಮ್ಮ ತಾತ ಶಿಂಷಾ ವಿದ್ಯುದಾಗಾರದಲ್ಲಿ ನೌಕರಿಯಲ್ಲಿದ್ದವರು. ಯಾವುದೋ ಕಚೇರಿಯ ಹಳೆಯ ಸಾಮಾನು ಹರಾಜಾದಾಗ ಅದನ್ನು ಕೊಂಡರಂತೆ. ದೊಡ್ಡಪ್ಪ ಪರೀಕ್ಷೆಗೆ ಓದಿದ್ದು ಅದರ ಗಾಳಿಯಲ್ಲಿ. ಕಳೆದ ಬೇಸಿಗೆಯಲ್ಲಿ ಅದನ್ನು ಕೆಳಗಿಳಿಸಿ, ಹುಣಿಸೆಹಣ್ಣು ಹಚ್ಚಿ ರೆಕ್ಕೆಗಳನ್ನು ಬೆಳಗಿ, ನಡುಮನೆಯ ಮೇಜಿನ ಮೇಲಿಟ್ಟರು. ಪಂಜರ ಎಂದೋ ಹೋಗಿತ್ತು. ಮನೆಯಲ್ಲಿ ಎರಡೂವರೆ ವರ್ಷದ ಮೊಮ್ಮಗನಿದ್ದಾನೆ; ಹೊಳೆಯುವುದೆಲ್ಲ ತನಗೇ ಸೇರಿದ್ದೆಂದು ತಿಳಿದಿರುವ ವಯಸ್ಸು.

“ಮಾವ, ಅದು ಇರೋ ಕಡೆ ಇರ್ಲಿ, ಬೇಡ ಅನ್ನಲ್ಲ. ಪಂಜರ ಬರೋ ತನಕ ಪ್ಲಗ್ಗು ಮಾತ್ರ ಹಾಕ್ಬೇಡಿ” ಎಂದರು ಅತ್ತಿಗೆ.

“ನಾವೆಲ್ಲ ಇದರ ಮುಂದೇನೇ ಬೆಳೆದ್ವಲ್ಲಮ್ಮ, ಯಾರ ಬೆರಳು ಹೋಯ್ತು?” ಎಂದು ದೊಡ್ಡಪ್ಪ.

ಅತ್ತಿಗೆ ಮರುಮಾತನಾಡದೆ ಪ್ಲಗ್ಗನ್ನು ಕಿತ್ತು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಪಂಜರ ಹುಡುಕುವ ಹೊಣೆ ಮಂಡ್ಯದಲ್ಲಿರುವ ನನಗೆ ಬಂದದ್ದು ಹೀಗೆ. ಬೀರುವಿನ ಬೀಗವೇ ಸರಿಯೆಂದು ನನಗೂ ಅನ್ನಿಸಿತ್ತಾದರೂ ದೊಡ್ಡಪ್ಪನವರ ಎದುರಿಗೆ ಹೇಳಲಿಲ್ಲ.

ಹುಡುಕಾಟಕ್ಕೆ ಹೊರಡುವ ಮುನ್ನ ಫ್ಯಾನಿನ ಮೈಮೇಲಿರುವ ಲೋಹದ ಫಲಕವನ್ನು ಓದಬೇಕು. ಕಂಪನಿಯ ಹೆಸರಿಗಿಂತ ಅಲ್ಲಿರುವ ಅಂಕಿಗಳು ಮುಖ್ಯ: ಎಷ್ಟು ವೋಲ್ಟು, ಎ.ಸಿ.ಯೋ ಡಿ.ಸಿ.ಯೋ, ಎ.ಸಿ.ಯಾದರೆ ಎಷ್ಟು ಸೈಕಲ್ಲು. ನಮ್ಮ ಸೀಮೆಯವರು ಕಡೆಯ ಅಂಕಿಯನ್ನು ವಿಶೇಷವಾಗಿ ಗಮನಿಸಬೇಕು. ಅದಕ್ಕೆ ಕಾರಣ ಮಳವಳ್ಳಿ ತಾಲ್ಲೂಕಿನಲ್ಲಿಯೇ ಇದೆ.

ಶಿವನಸಮುದ್ರದಲ್ಲಿ, ಸುತ್ತಲಿನವರು ಇಂದಿಗೂ ‘ಬ್ಲಫ್’ ಎಂದೇ ಕರೆಯುವ ಸ್ಥಳದಲ್ಲಿ, 1902ರ ಜೂನ್ 30ರಂದು ವಿದ್ಯುತ್ತು ಹರಿಯಲಾರಂಭಿಸಿತು. ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್ ಅವರ ಆಡಳಿತದಲ್ಲಿ, ಕ್ಯಾಪ್ಟನ್ ಜೋಲಿ ಡಿ ಲಾಟ್ಬಿನಿಯೇರ್ ಎಂಬ ಎಂಜಿನಿಯರ ಉದ್ಯೋಗದಿಂದ ರೂಪು ತಳೆದ ಯೋಜನೆ. ಸ್ವಿಟ್ಸರ್ಲೆಂಡಿನಿಂದ ನೀರಿನ ಚಕ್ರಗಳು ಬಂದವು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಿಂದ ವಿದ್ಯುದ್ಯಂತ್ರಗಳು ಬಂದವು. ಅವುಗಳ ಬಿಡಿಭಾಗಗಳನ್ನು ಸಾಗಿಸಲು ಆನೆ ಕುದುರೆಗಳನ್ನು ಬಳಸಿದರು. ಶೇಷಾದ್ರಿ ಅಯ್ಯರ್ 1901ರಲ್ಲಿಯೇ ತೀರಿಕೊಂಡಿದ್ದರು. ದೀಪ ಹತ್ತಿದುದನ್ನು ಅವರು ಕಾಣಲಿಲ್ಲ. ಕಾವೇರಿಯ ಈ ಶಕ್ತಿ ಮೊದಲು ಹೋದದ್ದು ಮಳವಳ್ಳಿಗಲ್ಲ, ಮದ್ದೂರಿಗಲ್ಲ. 92 ಮೈಲಿ ಆಚೆಯ ಕೋಲಾರದ ಚಿನ್ನದ ಗಣಿಗಳಿಗೆ. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಉರಿದುದು 1905ರ ಆಗಸ್ಟ್ 5ರಂದು. ದೀಪದ ಬುಡದಲ್ಲಿ ಕತ್ತಲೆಯೆಂಬ ಗಾದೆಗೆ ಇದಕ್ಕಿಂತ ಹತ್ತಿರದ ಉದಾಹರಣೆ ನಮಗೆ ಬೇಕಿಲ್ಲ.

ಈ ಶಿವನಸಮುದ್ರದ ಮೊದಲ ಯಂತ್ರಗಳು ಕೊಡುತ್ತಿದ್ದ ವಿದ್ಯುತ್ತು ಸೆಕೆಂಡಿಗೆ 25 ಸೈಕಲ್ಲಿನದು. ಇಂದು ದೇಶಕ್ಕೆಲ್ಲ 50 ಸೈಕಲ್ಲು. 25 ಸೈಕಲ್ಲಿಗೆಂದು ಮಾಡಿದ ಎ.ಸಿ. ಮೋಟಾರನ್ನು ಇಂದಿನ ಪ್ಲಗ್ಗಿಗೆ ಸಿಕ್ಕಿಸಿದರೆ ಅದು ಹಿಂದಿನ ವೇಗಕ್ಕೆ ನಿಲ್ಲದೆ ಮೇಲಕ್ಕೇರಲು ಹವಣಿಸುತ್ತದೆ. ರೆಕ್ಕೆಗಳೂ ಅವುಗಳ ಮೊಳೆಗಳೂ ಆ ವೇಗಕ್ಕೆಂದು ಮಾಡಿದವಲ್ಲ. ಕಲ್ಕತ್ತೆಯಂತಹ ನಗರಗಳ ಕೆಲವು ಭಾಗಗಳಲ್ಲಿ ಡಿ.ಸಿ. ವಿದ್ಯುತ್ತು ಬಹುಕಾಲ ಇದ್ದುದರಿಂದ ಡಿ.ಸಿ. ಫ್ಯಾನುಗಳೂ ಹಳೆಯ ಸಾಮಾನಿನ ವ್ಯಾಪಾರದಲ್ಲಿ ಕೈಯಿಂದ ಕೈಗೆ ಬರುವುದುಂಟು. ಫಲಕದಲ್ಲಿ 25 ಎಂದೋ ಡಿ.ಸಿ. ಎಂದೋ ಇದ್ದರೆ ಪಂಜರದ ಯೋಚನೆಯನ್ನೇ ಬಿಟ್ಟು, ಪ್ಲಗ್ಗಿನ ತಂತಿಯನ್ನು ಕತ್ತರಿಸಿ, ಅದನ್ನು ನೋಡುವ ವಸ್ತುವಾಗಿ ಮಾತ್ರ ಇಟ್ಟುಕೊಳ್ಳುವುದು ಲೇಸು. ದೊಡ್ಡಪ್ಪನವರ ಫ್ಯಾನಿನ ಫಲಕವನ್ನು ಸೀಮೆಎಣ್ಣೆಯ ಬಟ್ಟೆಯಲ್ಲಿ ಒರೆಸಿದಾಗ ಎ.ಸಿ., 220 ವೋಲ್ಟು, 50 ಸೈಕಲ್ಲು ಎಂದು ಕಾಣಿಸಿತು. ಸರಿ, ಮುಂದುವರಿಯಬಹುದು.

ಮಂಡ್ಯದಲ್ಲಿ ಮೋಟಾರು ಸುತ್ತುವ ಅಂಗಡಿಗಳಿಗೆ ಕೊರತೆಯಿಲ್ಲ. ಕಬ್ಬು ಭತ್ತಗಳ ನಾಡು. ಪಂಪುಸೆಟ್ಟು ಸುಟ್ಟರೆ ಪೈರು ಕಾಯುವುದಿಲ್ಲ. ಅಂತಹ ಒಂದು ಅಂಗಡಿಯಲ್ಲಿ ವಿಚಾರಿಸಿದೆ.

“ಮೋಟ್ರು ಸುಟ್ಟೋಗಿದ್ರೆ ಹೇಳಿ ಸಾರ್, ನಾಳೆ ಸಂಜೆಗೆ ಸುತ್ತಿ ಕೊಡ್ತೀನಿ. ಪಂಜ್ರ ಮಾತ್ರ ಕೇಳ್ಬೇಡಿ. ನೀವು ಬರೋಕ್ಕಿಂತ ಮುಂಚೇನೇ ಅದನ್ನ ತೂಕಕ್ಕೆ ಹಾಕ್ಬುಟ್ಟಿರ್ತಾರೆ” ಎಂದರು ಅಲ್ಲಿಯ ಹಿರಿಯರು. ಪಂಜರ ಕಾಣೆಯಾಗುವ ಇಡೀ ಇತಿಹಾಸ ಆ ಒಂದು ಮಾತಿನಲ್ಲಿತ್ತು.

ಬೆಂಗಳೂರಿನ ಸಂಡೇ ಬಜಾರು, ಶಿವಾಜಿನಗರದ ಗುಜರಿ, ಎಸ್.ಪಿ. ರಸ್ತೆ, ಇವುಗಳಲ್ಲಿ ಹುಡುಕಿದರೆ ಸಿಕ್ಕೀತೆಂದು ಬಲ್ಲವರು ಹೇಳುತ್ತಾರೆ. ಸಿಕ್ಕರೂ ಕೂಡುವುದು ಕಷ್ಟ. ಒಂದೇ ಹದಿನಾರು ಅಂಗುಲದ ಫ್ಯಾನಾದರೂ ಒಂದೊಂದು ಕಂಪನಿಯ ಪಂಜರಕ್ಕೆ ಒಂದೊಂದು ರೀತಿಯ ಕಾಲು. ಕೆಲವಕ್ಕೆ ಮೂರು, ಕೆಲವಕ್ಕೆ ನಾಲ್ಕು. ರೈಲ್ವೆ ಬೋಗಿಗಳಿಂದ ಕಳಚಿದ ಫ್ಯಾನಿನ ಗಟ್ಟಿಮುಟ್ಟಾದ ಪಂಜರಗಳು ಗುಜರಿಯಲ್ಲಿ ಕಣ್ಣಿಗೆ ಬೀಳುವುದುಂಟು. (ಆ ಫ್ಯಾನುಗಳು 110 ವೋಲ್ಟಿನ ಡಿ.ಸಿ. ವಿದ್ಯುತ್ತಿಗೆ ಮಾಡಿದವು, ಕದ್ದು ಮನೆಗೆ ಒಯ್ದವನಿಗೆ ಗಾಳಿ ಸಿಗದು.) ಆದರೆ ಅವು ಬೋಗಿಯ ಚಾವಣಿಗೆ ಕೂರುವಂಥವು, ಮೇಜಿನ ಫ್ಯಾನಿನ ಕತ್ತಿಗೆ ಕೂರುವಂಥವಲ್ಲ. ಅಮೆರಿಕದಲ್ಲಿ ಹಳೆಯ ಫ್ಯಾನು ಸಂಗ್ರಹಿಸುವವರ ಸಂಘವೇ ಒಂದಿದೆ. ಪ್ರಸಿದ್ಧ ಮಾದರಿಗಳಿಗೆ ಪಂಜರದ ಪ್ರತಿಕೃತಿಗಳನ್ನು ಮಾಡುವವರೂ ಅಲ್ಲಿದ್ದಾರೆ. ನಮ್ಮಲ್ಲಿ ಅಂಥದಿಲ್ಲವೆಂದು ಕೊರಗಬೇಕಾಗಿಲ್ಲ. ತಂತಿಯನ್ನು ಬಗ್ಗಿಸಬಲ್ಲವರು ನಮ್ಮ ಊರುಗಳಲ್ಲಿಯೇ ಇದ್ದಾರೆ.

ಆದರೆ ಅಳತೆಯಿಲ್ಲದೆ ಅವರ ಬಳಿಗೆ ಹೋಗಬಾರದು. ರೆಕ್ಕೆ ತಿರುಗುವ ವೃತ್ತದ ಅಡ್ಡಳತೆ ಬೇಕು. ರೆಕ್ಕೆಗಳು ಮುಂದಕ್ಕೂ ಹಿಂದಕ್ಕೂ ಎಷ್ಟು ಚಾಚಿವೆ ಎಂಬುದು ಬೇಕು. ಪಂಜರದ ಕಾಲು ಕೂರುವ ತಿರುಪಿನ ರಂಧ್ರಗಳ ನಡುವಣ ದೂರ ಬೇಕು. ಈ ಕಡೆಯದನ್ನು ಅಳೆಯುವುದಕ್ಕಿಂತ, ದಪ್ಪ ಕಾಗದವನ್ನು ಮೋಟಾರಿನ ಮುಖಕ್ಕೆ ಒತ್ತಿ ರಂಧ್ರಗಳ ಅಚ್ಚು ತೆಗೆದುಕೊಳ್ಳುವುದು ಸುಲಭ. ಇಂಗ್ಲೆಂಡಿನಲ್ಲಿಯೋ ಆ ಪದ್ಧತಿಯಲ್ಲಿಯೋ ತಯಾರಾದ ಫ್ಯಾನುಗಳ ತಿರುಪಿನ ಮರೆ ಇಂದಿನ ಮಿಲಿಮೀಟರ್ ಲೆಕ್ಕದ್ದಲ್ಲ. ಹೊಸ ತಿರುಪನ್ನು ಬಲವಂತವಾಗಿ ತಿರುಗಿಸಿದರೆ ಎರಕದೊಳಗಿನ ಮರೆ ಸವೆದು ಹೋಗುತ್ತದೆ. ಒಂದಾದರೂ ಹಳೆಯ ತಿರುಪು ಉಳಿದಿದ್ದರೆ ಅದನ್ನು ಚಿನ್ನದಂತೆ ಕಾಪಾಡಿ ಮಾದರಿಗೆ ಒಯ್ಯತಕ್ಕದ್ದು.

ಮದ್ದೂರಿನಲ್ಲಿ ಇಲಿಬೋನು, ಕೋಳಿಪಂಜರ, ಜರಡಿಗಳನ್ನು ಮಾಡುವ ಕುಶಲಿಯೊಬ್ಬರಿದ್ದಾರೆಂದು ಸ್ನೇಹಿತರೊಬ್ಬರು ತಿಳಿಸಿದರು. ಮದ್ದೂರೆಂದರೆ ವಡೆಯೊಂದೇ ಎಂದು ತಿಳಿದವರು ಆ ಅಂಗಡಿಯನ್ನು ನೋಡಬೇಕು. ನಾನು ಬಿಡಿಸಿ ಒಯ್ದಿದ್ದ ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿ ಅವರೆಂದರು:

“ಫ್ಯಾನ್ ಪಂಜ್ರ ಇದುವರ್ಗೂ ಮಾಡಿಲ್ಲ ಸಾರ್. ಅದ್ರಲ್ಲೇನೈತೆ? ಇಲಿಬೋನಲ್ಲಿ ಒಳಗಿಂದು ಹೊರಕ್ಕೆ ಬರ್ಬಾರ್ದು. ಇದ್ರಲ್ಲಿ ಹೊರಗಿಂದು ಒಳಕ್ಕೆ ಹೋಗ್ಬಾರ್ದು. ಅಷ್ಟೇಯ.”

ಸುರಕ್ಷತೆಯ ಶಾಸ್ತ್ರವೂ ಹೇಳುವುದು ಇದನ್ನೇ. ವಿದ್ಯುತ್ ಉಪಕರಣಗಳನ್ನು ಪರೀಕ್ಷಿಸುವವರ ಬಳಿ 12 ಮಿಲಿಮೀಟರ್ ದಪ್ಪದ, ಗೆಣ್ಣುಗಳುಳ್ಳ ಒಂದು ಲೋಹದ ಬೆರಳಿರುತ್ತದೆ. ಮುಟ್ಟಬಾರದ ಭಾಗಕ್ಕೆ ಆ ಬೆರಳು ತಲುಪಕೂಡದು. ಇಷ್ಟನ್ನು ಹಳೆಯ ಮಾದರಿಯ ಎಸಳು ಪಂಜರದಿಂದ ಸಾಧಿಸಬೇಕಾದರೆ ಏನಾಗುತ್ತದೆ ನೋಡಿ. ಹದಿನಾರು ಅಂಗುಲದ ರೆಕ್ಕೆಗೆ, ಸುತ್ತಲೂ ಮುಕ್ಕಾಲು ಅಂಗುಲ ಬಿಟ್ಟು, ಹದಿನೇಳೂವರೆ ಅಂಗುಲದ ಪಂಜರ ಬೇಕು. ಅದರ ಸುತ್ತಳತೆ ಸುಮಾರು 55 ಅಂಗುಲ. ಅಂಚಿನಲ್ಲಿ ಅರ್ಧರ್ಧ ಅಂಗುಲಕ್ಕೆ ಒಂದೊಂದು ತಂತಿಯೆಂದರೂ ಒಂದು ಮುಖಕ್ಕೆ 110 ತಂತಿಗಳಾದವು. ಅವೆಲ್ಲ ನಡುವೆ ಒಂದೆಡೆ ಕೂಡುವಲ್ಲಿ ಬೆಸುಗೆಗೆ ಜಾಗವೇ ಇರದು.

ಇದಕ್ಕೆ ನಮ್ಮ ಅಡುಗೆಮನೆಯಲ್ಲಿಯೇ ಉತ್ತರವಿದೆ: ಚಕ್ಕುಲಿ. ನಡುವಿನಿಂದ ಹೊರಟು ಸುತ್ತುತ್ತ ಸುತ್ತುತ್ತ ಅಂಚಿಗೆ ಮುಟ್ಟುವ ಒಂದೇ ತಂತಿ. ಅದನ್ನು ಹಿಡಿದು ನಿಲ್ಲಿಸಲು ಎಂಟು ದಪ್ಪ ಅಡ್ಡಕಂಬಿಗಳು. ಅರ್ಧ ಅಂಗುಲಕ್ಕೊಂದು ಸುತ್ತಾದರೆ ಒಂದು ಮುಖಕ್ಕೆ ಸುಮಾರು 39 ಅಡಿ ತಂತಿ ಸಾಕು. ಆದರೆ ಎರಡೂವರೆ ವರ್ಷದ ಮಗುವಿನ ಬೆರಳು ಪರೀಕ್ಷೆಯ ಲೋಹದ ಬೆರಳಿಗಿಂತ ಬಹಳ ತೆಳುವು. ಅರ್ಧ ಅಂಗುಲದ ಸುತ್ತಿನಲ್ಲಿ ದೊಡ್ಡವರ ಬೆರಳು ನಿಲ್ಲುತ್ತದೆ, ಮಗುವಿನದು ನಿಲ್ಲುವುದಿಲ್ಲ. ಹೀಗಾಗಿ ನಾವು ಎಂಟನೆಯ ಮೂರು ಅಂಗುಲದ ಸುತ್ತನ್ನು ಆರಿಸಿದೆವು. ಎರಡೂವರೆ ಮಿಲಿಮೀಟರಿನ ತಂತಿಯಾದುದರಿಂದ ನಡುವಿನ ಸಂದು 7 ಮಿಲಿಮೀಟರಿಗೆ ಇಳಿಯಿತು. ಒಂದು ಮುಖಕ್ಕೆ ತಂತಿ 52 ಅಡಿಗೆ ಏರಿತು. ಇದರ ಮೇಲೆ, ತಂತಿಯಿಂದ ರೆಕ್ಕೆ ಎರಡು ಅಂಗುಲವಾದರೂ ಒಳಗಿರುವಂತೆ ಪಂಜರದ ಮುಖವನ್ನು ತಟ್ಟೆಯಂತೆ ಉಬ್ಬಿಸಿದರು. ಸಂದಿನಲ್ಲಿ ಕಿರುಬೆರಳು ತೂರಿದರೂ ರೆಕ್ಕೆಗೆ ಎಟುಕಬಾರದು. ಮುಖದ ನಾಲ್ಕನೆಯ ಒಂದು ಪಾಲನ್ನು ತಂತಿಯೇ ಮುಚ್ಚುವುದರಿಂದ ಗಾಳಿ ಸ್ವಲ್ಪ ತಗ್ಗುತ್ತದೆ, ಸುಯ್ಯೆನ್ನುವ ಸದ್ದು ಸ್ವಲ್ಪ ಹೆಚ್ಚುತ್ತದೆ. ಅದಕ್ಕೆ ಉಪಾಯವಿಲ್ಲ.

ಹಿಂಬದಿಗೂ ಇಷ್ಟೇ ಬಿಗಿಯಾದ ಸುತ್ತು ಬೇಕೆಂದಾಗ ಕುಶಲಿ ಒಪ್ಪಲು ಹಿಂಜರಿದರು. ಗಾಳಿ ಬರುವುದು ಮುಂದಕ್ಕಲ್ಲವೆ ಎಂಬುದು ಅವರ ವಾದ. ಮುಂದಕ್ಕೆ ಬರುವ ಗಾಳಿಯನ್ನು ಫ್ಯಾನು ಹಿಂದಿನಿಂದ ಸೆಳೆದುಕೊಳ್ಳುತ್ತದೆ. ಸೀರೆಯ ಸೆರಗು, ಬಿಚ್ಚಿದ ಕೂದಲು, ಕಿಟಕಿಯ ಪರದೆ ಇವೆಲ್ಲ ಅಪಾಯಕ್ಕೊಳಗಾಗುವುದು ಹಿಂಬದಿಯಲ್ಲಿ. ಹಳೆಯ ಪಂಜರಗಳಲ್ಲಿ ಅತ್ಯಂತ ವಿರಳವಾದ ಭಾಗವೂ ಅದೇ. ಪೇಟೆಯಲ್ಲಿ ಮಕ್ಕಳ ರಕ್ಷಣೆಗೆಂದು ಮಾರುವ ನೈಲಾನ್ ಬಲೆಯ ಗವಸು ಈ ಕಾರಣಕ್ಕೇ ಹಳೆಯ ಫ್ಯಾನಿಗೆ ಸಲ್ಲದು: ಹಿಂದಿನ ಸೆಳೆತಕ್ಕೆ ಬಲೆ ಒಳಕ್ಕೆ ಜಗ್ಗಿ ರೆಕ್ಕೆಗೆ ಸಿಕ್ಕಿತೆಂದರೆ ಮುಗಿಯಿತು. ಸೊಳ್ಳೆಪರದೆಯ ಲೋಹದ ಜಾಲರಿಯನ್ನು ಬಿಗಿದರೆ ಗಾಳಿ ಕಟ್ಟುತ್ತದೆ, ಧೂಳು ತುಂಬುತ್ತದೆ, ಮೋಟಾರು ಕಾಯುತ್ತದೆ. ಹೊಸ ಫ್ಯಾನಿನ ಪ್ಲಾಸ್ಟಿಕ್ ಪಂಜರವನ್ನು ತಂತಿಯಲ್ಲಿ ಕಟ್ಟಿ ನಿಲ್ಲಿಸಿದವರನ್ನೂ ಬಲ್ಲೆ. ಫ್ಯಾನು ಅದುರಿದಂತೆಲ್ಲ ಕಟ್ಟು ಸಡಿಲವಾಗುತ್ತದೆ.

ಲೋಹದ ವಿಷಯ ಒಂದು ಮಾತು. ಹಿತ್ತಾಳೆಯ ತಂತಿಯೇ ಆಗಬೇಕೆಂದು ದೊಡ್ಡಪ್ಪನವರ ಆಸೆಯಿತ್ತು. ಮೊದಲನೆಯ ಮಹಾಯುದ್ಧದಲ್ಲಿ ತೋಪಿನ ಗುಂಡುಗಳಿಗೆ ಹಿತ್ತಾಳೆ ಬೇಕಾಗಿ, ಅಲ್ಲಿಂದೀಚೆಗೆ ಪಾಶ್ಚಾತ್ಯ ಕಂಪನಿಗಳೇ ಪಂಜರಕ್ಕೆ ಉಕ್ಕನ್ನು ಬಳಸತೊಡಗಿದುವೆಂದು ಹೇಳಿ ಅವರನ್ನು ಒಪ್ಪಿಸಬೇಕಾಯಿತು. ಉಕ್ಕಿನ ತಂತಿಯಲ್ಲಿಯೂ ಸತುವಿನ ಲೇಪವಿರುವ ಜಿ.ಐ. ತಂತಿ ಬೇಡ, ಬೆಸುಗೆಯ ಉರಿಗೆ ಸತುವು ಹೊಗೆಯಾಗಿ ಕೆಲಸಗಾರನ ಎದೆಗೆ ಹೋಗುತ್ತದೆ. ಲೇಪವಿಲ್ಲದ ತಂತಿಯಲ್ಲಿ ಮಾಡಿಸಿ ಬಣ್ಣ ಹೊಡೆಸುವುದು ಸರಿ. ಹಿತ್ತಾಳೆಯ ರೆಕ್ಕೆಗಳನ್ನು ಮಾತ್ರ ಮೊಳೆಗಳ ಸುತ್ತ ಕನ್ನಡಿಯಂತೆ ತಿಕ್ಕಿ, ಕೂದಲೆಳೆಯಷ್ಟು ಬಿರುಕಿದೆಯೇ ಎಂದು ಬೆಳಕಿನಲ್ಲಿ ನೋಡಬೇಕು. ಬಿರುಕು ಕಂಡರೆ ಆ ಫ್ಯಾನು ತಿರುಗಬಾರದು. ಮುರಿದು ಹಾರುವ ರೆಕ್ಕೆಯನ್ನು ತಡೆಯುವುದು ಪಂಜರದ ಶಕ್ತಿಗೆ ಮೀರಿದ್ದು.

ಪಂಜರ ಬಂದ ಮೇಲೆ ಹೊಸದೊಂದು ಅಪಾಯವೂ ಬರುತ್ತದೆಂಬುದನ್ನು ಅನೇಕರು ಮರೆಯುತ್ತಾರೆ. ಲೋಹದ ಪಂಜರ ಮೋಟಾರಿನ ಮೈಗೆ ತಿರುಪಿನಿಂದ ಕೂಡಿರುತ್ತದೆ. ಹಳೆಯ ಬಟ್ಟೆತಂತಿಯೊಳಗಿನ ರಬ್ಬರು ಒಣಗಿ ಉದುರಿ, ವಿದ್ಯುತ್ತು ಮೈಗೆ ಸೋರಿದರೆ, ಮಗುವಿನ ರಕ್ಷಣೆಗೆಂದು ಹಾಕಿದ ಪಂಜರವೇ ಮಗುವಿನ ಕೈಗೆ ಎಟುಕುವ ವಿದ್ಯುತ್ ತಂತಿಯಾಗುತ್ತದೆ. ಅಂದಿನ ಫ್ಯಾನುಗಳಲ್ಲಿ ಬಹುಪಾಲು ಎರಡೇ ತಂತಿಯವು. ಭೂಮಿಗೆ ಸೇರುವ ಮೂರನೆಯ ತಂತಿ ಇರಲಿಲ್ಲ. ಆದುದರಿಂದ ಹಳೆಯ ತಂತಿಯನ್ನು ಪೂರ್ತಿ ಕಿತ್ತು ಮೂರೆಳೆಯ ಹೊಸ ತಂತಿ ಹಾಕಿಸಬೇಕು, ಅರ್ತಿಂಗ್ ಎಳೆಯನ್ನು ಮೋಟಾರಿನ ಮೈಗೆ ಬಣ್ಣ ಕೆರೆದು ಬಿಗಿಯಬೇಕು, ಮೂರು ಕಡ್ಡಿಯ ಪ್ಲಗ್ಗನ್ನೇ ಬಳಸಬೇಕು. ಮೋಟಾರು ಸುತ್ತುವ ಅಂಗಡಿಯಲ್ಲಿ ಮೆಗ್ಗರ್ ಎಂಬ ಉಪಕರಣ ಹಚ್ಚಿ ಸುರುಳಿಯಿಂದ ಮೈಗೆ ಸೋರಿಕೆಯಿದೆಯೇ ಎಂದು ನೋಡಿಕೊಡುತ್ತಾರೆ; ಐದು ನಿಮಿಷದ ಕೆಲಸ. ಮನೆಯಲ್ಲಿ ಆರ್.ಸಿ.ಸಿ.ಬಿ. ಸ್ವಿಚ್ಚು ಇದ್ದರೆ ಇನ್ನೂ ಒಳ್ಳೆಯದು. ಪಂಜರಕ್ಕಾಗಿ ಪಟ್ಟ ಪಾಡಿನಲ್ಲಿ ಅರ್ಧದಷ್ಟನ್ನೂ ಈ ಕೆಲಸ ಬೇಡುವುದಿಲ್ಲ, ಆದರೂ ಜನ ಇದನ್ನೇ ಮುಂದಕ್ಕೆ ಹಾಕುತ್ತಾರೆ.

ಮದ್ದೂರಿನ ಕುಶಲಿ ಹನ್ನೆರಡು ದಿನ ತೆಗೆದುಕೊಂಡರು. ಮೊದಲನೆಯ ಚಕ್ಕುಲಿ ಅವರಿಗೇ ಒಪ್ಪಿಗೆಯಾಗಲಿಲ್ಲ. ಬೆಸುಗೆಯ ಕಾವಿಗೆ ಸೊಟ್ಟಗಾಗಿತ್ತು. ಎರಡನೆಯದನ್ನು ಮರದ ಅಚ್ಚಿನ ಮೇಲೆ ಕೂರಿಸಿ, ಎದುರು ಬದುರು ಕಂಬಿಗಳಿಗೆ ಒಂದೊಂದೇ ಬೊಟ್ಟು ಬೆಸುಗೆ ಹಾಕುತ್ತ ಹೋದರು. ಮಳವಳ್ಳಿಯಲ್ಲಿ ಅದನ್ನು ಕೂರಿಸಿದ ದಿನ, ಪ್ಲಗ್ಗು ಹಾಕುವ ಮೊದಲೇ ರೆಕ್ಕೆಗಳನ್ನು ಕೈಯಲ್ಲಿ ತಿರುಗಿಸಿ ಎಲ್ಲಿಯೂ ತಗುಲದೆಂದು ನೋಡಿದೆವು. ಬಳಿಕ ಅತ್ತಿಗೆ ಅಡುಗೆಮನೆಯಿಂದ ಒಂದು ಪೆನ್ಸಿಲನ್ನು ತಂದು ಮುಂದೆ, ಹಿಂದೆ, ಅಂಚಿನಲ್ಲಿ, ಕಾಲುಗಳ ಸಂದಿಯಲ್ಲಿ ಚುಚ್ಚಿ ಚುಚ್ಚಿ ಪರೀಕ್ಷಿಸಿದರು. ಹಿಂಬದಿಯ ಒಂದು ಕಾಲಿನ ಬಳಿ ಪೆನ್ಸಿಲು ಒಳಕ್ಕೆ ಜಾರಿತು. ಪಂಜರ ಮತ್ತೆ ಮದ್ದೂರಿಗೆ ಹೋಗಿ, ಆ ಸಂದಿಗೆ ಎರಡು ತುಂಡು ತಂತಿ ಸೇರಿಸಿಕೊಂಡು, ಮರುವಾರ ಬಂದಿತು. ಅಂದು ಬೀರುವಿನ ಬೀಗ ತೆಗೆದು ಪ್ಲಗ್ಗು ಕೊಟ್ಟರು.

ಮರದ ಅಚ್ಚನ್ನು ನಾನು ಕೇಳಿದರೂ ಕುಶಲಿ ಕೊಡಲಿಲ್ಲ. ನನ್ನ ಪಂಜರ ಅಂಗಡಿಯ ಮುಂದೆ ಬಣ್ಣ ಒಣಗುತ್ತಿದ್ದುದನ್ನು ಕಂಡು, ಅದೇ ಅಳತೆಯ ಫ್ಯಾನಿರುವ ಇನ್ನೊಬ್ಬರು ಆಗಲೇ ಮುಂಗಡ ಕೊಟ್ಟು ಹೋಗಿದ್ದರಂತೆ.